ಆರ್ಲೀನಳ ಎರಡೆಂಜಿನ್ ಪಿಕಪ್

ಆರ್ಲೀನ್ ವಾಸ್ ನಮ್ಮ ಊರಿನ ಶಾಲೆಯಲ್ಲಿ ಮಕ್ಕಳಿಗೆ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದಳು. ಕಾನ್ಸಾಸ್‌ನ ಗೋಧಿ ಬಯಲಿನಲ್ಲಿ ಒಂದು ಚರ್ಚು, ಒಂದು ಧಾನ್ಯದ ಗೋಪುರ, ನನ್ನ ಕ್ಷೌರದಂಗಡಿ, ಇಷ್ಟಿದ್ದರೆ ಆಯಿತು ನಮ್ಮೂರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವಳು ವಿಚಿಟಾದ ವಿಮಾನ ಕಾರ್ಖಾನೆಯಲ್ಲಿ ದುಡಿದವಳು. ಗಂಡಸರು ಯುದ್ಧದಿಂದ ಮರಳಿದ ಮೇಲೆ ಊರಿಗೆ ಬಂದು ಸೌಟು ಹಿಡಿದಳು. ಆದರೆ ಸ್ಪ್ಯಾನರ್ ಬಿಡಲಿಲ್ಲ. ಗಂಡ ಫ್ಲಾಯ್ಡ್ ಊರಿನ ಅಂಚೆಯವನು. ಕೋಳಿ ಸಾಕುತ್ತಿದ್ದ, ಮಾತು ಕಡಿಮೆ.

ಊರಾಚೆ ಯುದ್ಧವಿಮಾನಗಳು ಇಳಿಯುತ್ತಿದ್ದ ಹಳೆಯ ಓಡುದಾರಿಯಿತ್ತು. ಭಾನುವಾರ ಚರ್ಚು ಮುಗಿದ ಮೇಲೆ ಹುಡುಗರೂ, ಹುಡುಗರಂತಾಡುವ ನಡುವಯಸ್ಸಿನವರೂ ಅಲ್ಲಿ ಗಾಡಿಗಳ ಪಂದ್ಯ ಕಟ್ಟುತ್ತಿದ್ದರು. ಆರ್ಲೀನ್ ಚರ್ಚಿನ ಸೂರಿನ ರಿಪೇರಿಗೆಂದು ಚೆರ್ರಿ ಹಣ್ಣು ತುಂಬಿ ಸುಟ್ಟ ಪೈ ಮಾಡಿ ಅಲ್ಲಿ ಮಾರುತ್ತಿದ್ದಳು. ಪೈಗಳನ್ನು ತರುತ್ತಿದ್ದುದು ಅಪ್ಪನ ಕಾಲದ ಫೋರ್ಡ್ ಪಿಕಪ್‌ನಲ್ಲಿ. ದಿಬ್ಬ ಹತ್ತುವಾಗ ಅದು ಮುದುಕರ ಹಾಗೆ ಕೆಮ್ಮುತ್ತಿತ್ತು.

ಸಾವಿರದ ಒಂಬೈನೂರ ಐವತ್ತಾರರ ಬೇಸಿಗೆಯ ಒಂದು ಭಾನುವಾರ ಪೆಟ್ರೋಲ್ ಬಂಕಿನ ಮರ್ಲ್ ಡನಿಂಗ್ ಪೈ ಮೆಲ್ಲುತ್ತಾ ಕೆಣಕಿದ. ಪಂದ್ಯದಲ್ಲಿ ಅವನನ್ನು ಹಿಂದಿಕ್ಕಿದವರು ಆಗ ಯಾರೂ ಇರಲಿಲ್ಲ.

"ಅಲ್ಲಾ ಆರ್ಲೀನ್, ಈ ಗಾಡೀನ ನೀನು ಓಡಿಸ್ಕೊಂಡ್ ಬರ್ತೀಯೋ, ಕೈ ಹಿಡಿದು ನಡೆಸ್ಕೊಂಡ್ ಬರ್ತೀಯೋ?"

"ನಿನ್ನ ಗಾಡಿಗೆ ಎಷ್ಟು ಎಂಜಿನ್ನಪ್ಪಾ?" ಎಂದಳು ಅವಳು.

"ಎಲ್ಲರ ಹಾಗೆ ಒಂದು."

"ಸರಿ. ನಾನು ಎರಡು ಹಾಕ್ತೀನಿ ಬಿಡು."

ಸುತ್ತಲಿದ್ದವರೆಲ್ಲ ನಕ್ಕರು, ಅವಳೂ ನಕ್ಕಳು. ಮುಂದಿನ ವಾರ ಗುಜರಿಯಿಂದ ಒಂದೇ ಅಚ್ಚಿನ, ಎಂಟೆಂಟು ಸಿಲಿಂಡರಿನ ಎರಡು ಎಂಜಿನ್‌ಗಳನ್ನು ತನ್ನ ಮನೆಯ ಕೊಟ್ಟಿಗೆಗೆ ಎಳೆದು ತಂದಾಗ ನಗು ಸ್ವಲ್ಪ ತಗ್ಗಿತು.

ಅವಳ ಲೆಕ್ಕ ಸರಳವಾಗಿತ್ತು. ಎರಡನ್ನೂ ಒಂದರ ಹಿಂದೊಂದು ಕೂರಿಸುವುದು. ಮುಂದಿನದರ ಬಾಲಕ್ಕೆ ಹಿಂದಿನದರ ಮೂತಿ ಜೋಡಿಸುವುದು. ಎರಡರ ಬಲವೂ ಸೇರಿ ಹಿಂದಿನ ಚಕ್ರಗಳಿಗೆ ಹೋಗುವುದು. ಪಿಕಪ್‌ನ ಮೂತಿ ಕತ್ತರಿಸಿ ಉದ್ದ ಮಾಡಿದಳು, ಭಾರ ತಗ್ಗಲೆಂದು ಅದರ ಚಾವಣಿ ಕಿತ್ತು ತೆಗೆದಳು. ಎರಡು ಎಂಜಿನ್‌ಗಳ ನಡುವೆ ದಪ್ಪ ಉಕ್ಕಿನ ತಟ್ಟೆಯಿಟ್ಟು ಬೋಲ್ಟು ಬಿಗಿದಳು. ಸ್ಟಾರ್ಟ್ ಮಾಡಿದಾಗ ಎರಡೂ ಹಿತವಾಗಿ ಗುರುಗುಟ್ಟಿದವು. ವೇಗ ಏರಿಸಿದ್ದೇ ತಡ, ಬೋಲ್ಟುಗಳು ಪಟಪಟನೆ ತುಂಡಾಗಿ ಹಾರಿದವು. ಫ್ಲಾಯ್ಡ್ ಮೊಟ್ಟೆಯ ಬುಟ್ಟಿ ಹಿಡಿದು ಬಾಗಿಲಿಗೆ ಬಂದ.

"ಒಂದು ಬೋಲ್ಟು ಕೋಳಿಗೂಡಿಗೆ ಬಂದಿದೆ. ಇನ್ನೂ ಬಿಸಿ ಇದೆ. ಬೇಕಾ ನಿನಗೆ?"

ಎರಡನೆಯ ಸಲ ಇನ್ನೂ ದಪ್ಪ ತಟ್ಟೆ, ಇನ್ನೂ ಗಟ್ಟಿ ಬೋಲ್ಟು ಹಾಕಿದಳು. ಈ ಸಲ ತಟ್ಟೆಯೇ ಸೀಳಿಹೋಯಿತು. ಆ ಚಳಿಗಾಲ ಅವಳು ಕೊಟ್ಟಿಗೆಯ ಬಾಗಿಲು ತೆರೆಯಲಿಲ್ಲ. ಶಾಲೆಯ ಸೂಪಿಗೆ ಉಪ್ಪು ಹೆಚ್ಚುತ್ತಿದೆ ಎಂದು ಮಕ್ಕಳು ಮನೆಯಲ್ಲಿ ದೂರಿದರು.

ಚಳಿ ಇಳಿಯುವ ಹೊತ್ತಿಗೆ ಒಂದು ದಿನ ಫ್ಲಾಯ್ಡ್‌ಗೆ ಕಾಲು ಉಳುಕಿತು. ಧಾನ್ಯದ ಗೋಪುರಕ್ಕೆ ಬಂದಿದ್ದ ಭಾರದ ಪಾರ್ಸೆಲ್ ಹೊರಲು ಆರ್ಲೀನ್ ಅವನ ಜೊತೆ ಹೋದಳು. ಗೋಪುರ ನೋಡಿಕೊಳ್ಳುತ್ತಿದ್ದವನು ಲಾಡಿ ಪೆತ್ರಾಚೆಕ್, ಓಡುದಾರಿಯ ಅಂಚಿನ ಗೋಧಿ ಹೊಲವೂ ಅವನದೇ. ಪಾರ್ಸೆಲ್ ಇಳಿಸಿದವಳು ಧಾನ್ಯ ಮೇಲೆತ್ತುವ ಮೋಟಾರಿನ ಮುಂದೆ ನಿಂತುಬಿಟ್ಟಳು. ಮೋಟಾರಿನ ತುದಿಗೊಂದು ಹಲ್ಲುಚಕ್ರ, ಅದು ತಿರುಗಿಸುವ ದಂಡದ ತುದಿಗೊಂದು ಹಲ್ಲುಚಕ್ರ, ಎರಡೂ ಎದುರುಬದುರು; ಎರಡನ್ನೂ ಒಟ್ಟಿಗೆ ಸುತ್ತಿ ಒಂದು ಜೋಡಿಸಾಲಿನ ಚೈನು. ಇದೇಕೆ ಹೀಗೆ, ಬೋಲ್ಟು ಹಾಕಬಾರದಿತ್ತೇ ಎಂದು ಕೇಳಿದಳು.

"ಮೋಟಾರು ಕೂದಲೆಳೆಯಷ್ಟು ಈ ಕಡೆ, ದಂಡ ಕೂದಲೆಳೆಯಷ್ಟು ಆ ಕಡೆ ವಾಲಿರುತ್ತೆ," ಎಂದ ಲಾಡಿ. "ಚೈನಿಗೆ ಸ್ವಲ್ಪ ಸಡಿಲ ಇರುತ್ತೆ, ಅದು ಸಹಿಸ್ಕೊಳ್ಳುತ್ತೆ. ಬಿಗಿದ್ರೆ ಯಾವುದಾದ್ರೂ ಒಂದು ಮುರಿಯೋದೇ."

ಆರ್ಲೀನ್ ಹಣೆ ಚಚ್ಚಿಕೊಂಡಳು. ಮುರಿದ ಕಟಾವು ಯಂತ್ರವೊಂದರಿಂದ ಬಿಚ್ಚಿದ ಅಂಥದೇ ಹಲ್ಲುಚಕ್ರಗಳ ಜೋಡಿ, ಚೈನಿನ ಸಮೇತ, ಲಾಡಿಯ ಶೆಡ್ಡಿನಲ್ಲಿತ್ತು. ಎಣ್ಣೆ ಮೆತ್ತಿದ ಅದನ್ನು ಕೋಟಿನೊಳಗೆ ಮಗುವಿನಂತೆ ಸುತ್ತಿಕೊಂಡು ಬಂದಳು.

ಸುದ್ದಿ ನನ್ನ ಅಂಗಡಿಯಲ್ಲೇ ಮರ್ಲ್‌ನ ಕಿವಿಗೆ ಬಿತ್ತು. ಅರ್ಧ ಗಡ್ಡ ಹೆರೆದಾಗಿತ್ತು, ಉಳಿದರ್ಧಕ್ಕೆ ಕೂರಲಿಲ್ಲ. ಸುಮ್ಮನೆ ಇಣುಕಿ ಬರುತ್ತೇನೆ ಎಂದು ಹೋದವನು ಸಂಜೆಯವರೆಗೆ ಪಿಕಪ್‌ನ ಅಡಿಯಲ್ಲಿದ್ದ. ಇಬ್ಬರಿಗೂ ಜಗಳ ಹತ್ತಿತ್ತು. ಎರಡೂ ಎಂಜಿನ್‌ಗಳ ಸಿಲಿಂಡರುಗಳಲ್ಲಿ ಪೆಟ್ರೋಲ್ ಒಟ್ಟಿಗೆ ಸಿಡಿಯಬೇಕೆಂದು ಆರ್ಲೀನ್. ಒಂದರ ಸಿಡಿತದ ನಡುವೆ ಇನ್ನೊಂದರದು ಬರಬೇಕೆಂದು ಮರ್ಲ್. ಮೊದಲು ಅವಳ ಮಾತಿನಂತೆ ಮಾಡಿದರು. ಅದುರಿದ ರಭಸಕ್ಕೆ ಕೊಟ್ಟಿಗೆಯ ಗೂಟಗಳಲ್ಲಿದ್ದ ಸಾಮಾನೆಲ್ಲ ನೆಲಕ್ಕೆ ಬಿತ್ತು. ಆಮೇಲೆ ಹಲ್ಲುಚಕ್ರವನ್ನು ಎರಡು ಹಲ್ಲು ಸರಿಸಿ ಚೈನು ಸುತ್ತಿದರು. ಎಂಜಿನ್‌ಗಳ ಸದ್ದು ಒಂದಾಗಿ ಹರಿಯಿತು. ವೇಗ ಏರಿಸಿದರೂ ಏನೂ ಹಾರಲಿಲ್ಲ.

"ನಿನ್ನ ಮಾತೇ ಸರಿ ಕಣಯ್ಯ," ಎಂದಳು ಆರ್ಲೀನ್.

"ಇದನ್ನ ನನ್ನ ಹೆಂಡತಿ ಮುಂದೆ ಒಂದ್ಸಲ ಹೇಳು," ಎಂದ ಮರ್ಲ್.

ಮೇ ತಿಂಗಳ ಪಂದ್ಯಕ್ಕೆ ಪಾದ್ರಿಗಳೂ ಬಂದರು. ಬಾವುಟ ಇಳಿದಾಗ ಮರ್ಲ್ ಎಂದಿನಂತೆ ಮುಂದೆ ಹಾರಿದ. ಆರ್ಲೀನಳ ಚಕ್ರಗಳು ಹೊಗೆ ಕಾರುತ್ತಾ ನಿಂತಲ್ಲೇ ತಿರುಗಿದವು, ಆಮೇಲೆ ನೆಲ ಕಚ್ಚಿದವು. ಅರ್ಧ ದಾರಿಯಲ್ಲಿ ಅವನ ಸಮಕ್ಕೆ ಬಂದಳು. ಗೆರೆ ದಾಟುವಾಗ ಒಂದು ಪಿಕಪ್‌ನಷ್ಟು ಮುಂದಿದ್ದಳು. ಮರ್ಲ್‌ನ ಹೆಂಡತಿಯೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಆದರೆ ಪಿಕಪ್ ನಿಲ್ಲಲಿಲ್ಲ. ಓಡುದಾರಿ ಮುಗಿದರೂ ಹೋಗುತ್ತಲೇ ಇತ್ತು, ಸೀದಾ ಲಾಡಿಯ ಎದೆಯೆತ್ತರದ ಗೋಧಿಯೊಳಗೆ ನುಗ್ಗಿತು. ದೂರದಲ್ಲಿ ಅವಳ ಕೆಂಪು ತಲೆವಸ್ತ್ರವೊಂದೇ ಕಾಣುತ್ತಿತ್ತು. ನಾವೆಲ್ಲ ಓಡಿದೆವು, ಇನ್ನೂ ಪೂರ್ತಿ ವಾಸಿಯಾಗದ ಕಾಲಿನಲ್ಲಿ ಕುಂಟುತ್ತಲೇ ಫ್ಲಾಯ್ಡ್ ಎಲ್ಲರಿಗಿಂತ ಮುಂದೆ. ಹೋಗಿ ನೋಡಿದರೆ ಅವಳು ಸ್ಟೀರಿಂಗಿಗೆ ತಲೆಯಾನಿಸಿ ನಗುತ್ತಿದ್ದಾಳೆ, ಕೂದಲ ತುಂಬ ಹಸಿ ತೆನೆ.

"ಬ್ರೇಕು?" ಎಂದು ಕೇಳಿದ ಫ್ಲಾಯ್ಡ್.

"ಅಪ್ಪನ ಕಾಲದ್ದೇ. ಅದೊಂದು ಮರ್ತೋಯ್ತು ನೋಡು."

ಲಾಡಿ ಬಂದು ಮಲಗಿದ ಪೈರನ್ನು ಉದ್ದಕ್ಕೂ ನಡೆದು ನೋಡಿದ. ಕಟಾವಿನವರೆಗೆ ಶನಿವಾರಕ್ಕೊಂದು ಪೈ, ಚೆರ್ರಿಯದೇ ಆಗಬೇಕು ಎಂದು ತೀರ್ಪು ಕೊಟ್ಟ.

ಮಾರನೆಯ ವರ್ಷ ಮರ್ಲ್ ತನ್ನ ಗಾಡಿಗೂ ಎರಡು ಎಂಜಿನ್ ಹಾಕಲು ಅವಳ ಬಳಿಗೇ ಬಂದ. ಅಲ್ಲಿಂದ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಪಕ್ಕದ ರಾಜ್ಯಗಳಿಂದಲೂ ಜನ ಎಂಜಿನ್ ಹೇರಿಕೊಂಡು ಬರತೊಡಗಿದರು. ಖಾಲಿ ಬಿದ್ದಿದ್ದ ಮಂಜುಗಡ್ಡೆಯ ಗೋದಾಮಿನಲ್ಲಿ ಅವಳು ಗ್ಯಾರೇಜು ತೆರೆದಳು; ಶಾಲೆಯ ಅಡುಗೆಯನ್ನೂ ಬಿಡಲಿಲ್ಲ. ಬಂದವರು ಎಷ್ಟೇ ಅವಸರ ಮಾಡಲಿ, ಮೊದಲು ಕೈ ತೊಳೆದು ಊಟಕ್ಕೆ ಕೂರಬೇಕು. ಆಮೇಲೆಯೇ ಅವಳು ಎದ್ದು ಹೋಗಿ ಅವರ ಎಂಜಿನ್‌ನ ಮೇಲಿನ ತಾಡಪಾಲು ಸರಿಸುತ್ತಿದ್ದಳು.