ದನಿಯಿಲ್ಲದ ಮೇಡಂ ಕಲಿಸಿದ ಮಾತು

ಮೇಡಂ ಕತ್ತಿನ ಮೇಲೆ ಅಡ್ಡಕ್ಕೆ ಒಂದು ಬಿಳಿ ಗೆರೆ ಇತ್ತು. ಗಂಟಲಿನ ಆಪರೇಷನ್ನಿನ ಗುರುತು. ಮಾತಾಡುವಾಗ ಎರಡು ಬೆರಳನ್ನು ಆ ಗೆರೆಯ ಮೇಲೆ ಒತ್ತಿ ಹಿಡಿಯುತ್ತಿದ್ದರು. ಆಗ ಒಣಗಿದ ಎಲೆ ಉಜ್ಜಿದಂಥ ದನಿ ಹೊರಡುತ್ತಿತ್ತು. ಮುಂದೆ ಕೂತವರಿಗೆ ಕೇಳಿಸಿದರೆ ಹೆಚ್ಚು.

ಇಂಥವರು ನಮಗೆ ಮಾತಿನ ತರಬೇತಿ ಕೊಡಲು ಬಂದಿದ್ದರು. ನಮಗೆ ಅಂದರೆ, ಊರೂರುಗಳಲ್ಲಿ ಯುವಕ ಸಂಘ, ಯುವತಿ ಮಂಡಳಿ ಕಟ್ಟಿಕೊಂಡು ಓಡಾಡುತ್ತಿದ್ದ ಇಪ್ಪತ್ತು ಮಂದಿಗೆ. ತಿಂಗಳಿಗೆ ಎರಡು ದಿನ. ಒಮ್ಮೆ ಹಾಸನವಾದರೆ ಇನ್ನೊಮ್ಮೆ ಹೊಳೆನರಸೀಪುರ, ಆಮೇಲೆ ಅರಕಲಗೂಡು, ಚನ್ನರಾಯಪಟ್ಟಣ. ನಾನು ಗಾರೆ ಕೆಲಸದವನು, ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ನಮ್ಮೂರು ಕಟ್ಟಾಯದ ಸುತ್ತಮುತ್ತ ಮೈಕ್ ಹಿಡಿದರೆ ನನ್ನ ಸಮಕ್ಕೆ ಯಾರೂ ಇಲ್ಲ ಎಂಬ ಹೆಮ್ಮೆ ಇತ್ತು. ಮೊದಲ ದಿನವೇ ಪಕ್ಕದವನ ಕಿವಿಯಲ್ಲಿ ಅಂದೆ:

"ಇವ್ರಿಗೇ ದನಿ ಇಲ್ಲ, ನಮ್ಗೇನ್ ಮಾತು ಯೇಳ್ಕೊಡ್ತಾರ್ಲಾ?"

ಮೇಡಂ ಬೆರಳನ್ನು ಗಂಟಲ ಮೇಲಿಟ್ಟರು. "ಕೇಳಿಸ್ತು ಕಣಪ್ಪ. ಓಗಿರೋದು ಗಂಟ್ಲು, ಕಿವಿಯಲ್ಲ."

ಎಲ್ಲರೂ ನಕ್ಕರು. ನಾನು ನೆಲ ನೋಡುತ್ತ ಕೂತೆ. ತಪ್ಪಾಯ್ತು ಅನ್ನುವ ಮಾತು ನಾಲಿಗೆ ತನಕ ಬಂದು ಅಲ್ಲೇ ನಿಂತಿತು.

ಅವರು ಮೈಕು ಮುಟ್ಟುತ್ತಿರಲಿಲ್ಲ. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಜಮಖಾನೆ ಹಾಸಿಸಿ, ದುಂಡಗೆ ಕೂರಿಸುತ್ತಿದ್ದರು. ಪಕ್ಕದಲ್ಲಿ ಜೀರಿಗೆ ಬಿಸಿನೀರಿನ ಫ್ಲಾಸ್ಕು. ಯಾರಾದರೂ ಮಾತು ಶುರುಮಾಡಿದರೆ ಪೆನ್ನಿನ ಮುಚ್ಚಳ ಹಾಕಿ ಕೆಳಗಿಡುತ್ತಿದ್ದರು. ಅವರ ಕಟ್ಟಳೆ ಒಂದೇ. ಎದುರಿಗಿರುವವರು ಅಂದದ್ದನ್ನು ಮೊದಲು ನಾವು ತಿರುಗಿ ಹೇಳಬೇಕು. ಅವರು "ಊಂ, ಅದೇಯ" ಅನ್ನಬೇಕು. ಆಮೇಲೆ "ಅಷ್ಟೇನಾ, ಇನ್ನೂ ಐತಾ?" ಎಂದು ಕೇಳಿ ಸುಮ್ಮನಿರಬೇಕು. ನಮ್ಮ ಮಾತಿಗೆ ಸರದಿ ಬರುವುದು ಅದೆಲ್ಲ ಆದಮೇಲೆ.

ನನ್ನ ಜೊತೆಗೆ ರುದ್ರಪಟ್ಟಣದ ಕಡೆಯ ಒಬ್ಬಳು ಹುಡುಗಿ ಕೂತಳು. "ನಮ್ಮೂರಲ್ಲಿ ಒಲಿಗೆ ಕ್ಲಾಸಿಗೆ ಹೆಣ್ಮಕ್ಳು ಬತ್ತಾ ಇಲ್ಲ..." ಅನ್ನುವಷ್ಟರಲ್ಲಿ ನಾನು, "ಮನೆಮನೆಗೆ ಓಗಿ ಅವ್ರಪ್ಪಂದ್ರಿಗೆ ಬುದ್ಧಿ ಯೇಳ್ಬೇಕು!" ಎಂದೆ.

"ಅಣ್ಣೋ, ನಾನಿನ್ನೂ ಮಾತೇ ಮುಗಿಸಿಲ್ವಲ್ಲ!"

"ಅವ್ಳು ನಿನ್ನ ಬುದ್ಧಿ ಕೇಳಿದ್ಲೇನಪ್ಪ?" ಅಂದರು ಮೇಡಂ.

ಆ ದಿನ ಐದು ಸಲ ಸೋತೆ. ಹತ್ತಡಿ ಗೋಡೆಯನ್ನು ತೂಗುಗುಂಡು ಇಳಿಬಿಟ್ಟು ಕೂದಲೆಳೆ ತಪ್ಪದೆ ಏರಿಸುವವನಿಗೆ ಒಬ್ಬರ ಎರಡು ಮಾತನ್ನು ನೆಟ್ಟಗೆ ತಿರುಗಿ ಹೇಳಲು ಬರಲಿಲ್ಲ. ಕಲಿತೇ ತೀರುತ್ತೇನೆ ಎಂದು ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡೆ. ಮನೆಯಲ್ಲಿ ಹೆಂಡತಿಯ ಮೇಲೆ ಅಭ್ಯಾಸ ಶುರುವಾಯಿತು. "ಸಾರಿಗೆ ಉಪ್ಪು ಕಮ್ಮಿಯಾಗೈತೆ ಅಂತೀಯ, ಅಷ್ಟೇನಾ?" ಅಂದರೆ ಅವಳು, "ನಿಮ್ಮ ಮೈಮೇಲೆ ಮೇಡಂ ಬಂದವ್ರೆ, ನಾ ಒಂದ್ಗಳಿಗೆ ಆಚೆ ಇರ್ತೀನಿ" ಅಂತ ನಗುತ್ತಿದ್ದಳು.

ತರಬೇತಿ ಮುಗಿದ ಮಾರನೇ ವರ್ಷ ನಮ್ಮೂರಿನ ಒಬ್ಬ ರೈತ ಮಗಳನ್ನು ಕಾಲೇಜು ಬಿಡಿಸಿದ. ನಮ್ಮ ಸಂಘದವರ ಲೆಕ್ಕದಲ್ಲಿ ಊರಲ್ಲಿ ಅವಳಷ್ಟು ಚೆನ್ನಾಗಿ ಓದುವವರು ಇರಲಿಲ್ಲ. ಇನ್ನೊಂದು ತಿಂಗಳು ಕ್ಲಾಸು ತಪ್ಪಿದರೆ ಹಾಜರಿ ಸಾಲದೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ನಮ್ಮ ಕಡೆ ಯಾರಿಗಾದರೂ ಮಾತು ಹೇಳಬೇಕೆಂದರೆ ಒಬ್ಬರೇ ಹೋಗುವುದಿಲ್ಲ, ನಾಲ್ಕು ಜನರ ಜೊತೆ ಹೋಗುವುದೇ ಮರ್ಯಾದೆ. ಹಾಗೇ ಹೋದೆ. ಆತ ಜಗಲಿಯ ಮೇಲಿಂದಲೇ ಗದರಿದ: "ನಾನೇನ್ ಕಳ್ತನ ಮಾಡಿದ್ದೀನೇನ್ಲಾ, ಜನ ಕಟ್ಕಂಡ್ ನ್ಯಾಯ ಮಾಡಾಕ್ ಬಂದಿದ್ದೀಯ?" ಬಾಗಿಲು ಹಾಕಿಕೊಂಡ.

ಮೇಡಂಗೆ ಫೋನ್ ಮಾಡಿದೆ. "ಎಷ್ಟು ಜನ ಓಗಿದ್ರಿ?"

"ಐದು."

"ಅದು ಪಂಚಾಯ್ತಿ ಆಯ್ತು. ಒಬ್ನೇ ಓಗಪ್ಪ. ಕೈಗೊಂದು ಕೆಲ್ಸ ಇಟ್ಕೊ."

ಮಾರನೇ ದಿನ ಕೆಲಸಕ್ಕೆ ರಜೆ ಹಾಕಿ ಅವನ ಹೊಲಕ್ಕೆ ಹೋದೆ. ಆಲೂಗೆಡ್ಡೆ ಕೀಳುತ್ತಿದ್ದ. ಮಾತಾಡದೆ ಪಕ್ಕದ ಸಾಲಿನಲ್ಲಿ ಕೂತು ಆಯತೊಡಗಿದೆ. ಬಿಸಿಲೇರಿದ ಮೇಲೆ ಅವನೇ ಬಾಯಿಬಿಟ್ಟ.

"ಸಂಜೆ ಬಸ್ಸು ಒಂದಿನ ಬತ್ತದೆ, ಒಂದಿನ ಬರಕಿಲ್ಲ."

ನಾಲಿಗೆ ತುರಿಸಿತು. ತಡೆದೆ. "ಬಸ್ಸಿಂದೇ ಯೋಚ್ನೆ ಅಂತೀಯ. ಅಷ್ಟೇನಾ ಅಣ್ಣಯ್ಯ, ಇನ್ನೂ ಐತಾ?"

"ಹೆಣ್ಣು ಓದಿ ಏನ್ ಮಾಡಬೇಕು ಅಂತಾಳೆ ನಮ್ಮವ್ವ."

"ಅವ್ವನ ಮಾತು ಮೀರಕಾಗಕಿಲ್ಲ ಅಂತೀಯ. ಇನ್ನೂ ಐತಾ?"

ಅವನ ಕೈ ಮಣ್ಣಿನಲ್ಲೇ ನಿಂತಿತು. ನಾನು ಕಾದೆ. ಒಂದು ಸಾಲು ಪೂರ್ತಿ ಆಯ್ದು ಮುಗಿಸುವಷ್ಟು ಹೊತ್ತು ಕಾದೆ.

"ಕಾಲೇಜಿಗೆ ಕರ್ಸಿದ್ರು ಕಣಯ್ಯ, ಮೀಟಿಂಗು ಅಂತ. ಎಲ್ಲಾ ಅಪ್ಪಂದ್ರೂ ಸೈನು ಆಕುದ್ರು. ನಂಗೆ ಎಬ್ಬೆಟ್ಟು. ಇಂಕಿನ ಡಬ್ಬಿ ಉಡುಕಿ ತರೋಗಂಟ ಎಲ್ರೂ ನನ್ನೇ ನೋಡ್ತಿದ್ರು. ನನ್ ಮಗ್ಳು ಗ್ವಾಡೆ ಕಡೀಕ್ ತಿರಿಕ್ಕಂಡ್ಲು. ಇನ್ನೊಂದ್ಸಲ ಅಲ್ಲಿಗೆ ನಾ ಓಗಕಿಲ್ಲ."

ಆ ಅವಮಾನ ನನಗೆ ಗೊತ್ತಿತ್ತು. ಅರ್ಜಿ ತುಂಬುವ ಜಾಗಗಳಲ್ಲೆಲ್ಲ ನಾನೂ ಅದನ್ನು ನುಂಗಿದವನು. "ನಾನೂ ಏಳನೇ ಕ್ಲಾಸಣ್ಣ, ಅದೂ ಪೂರ್ತಿ ಅಲ್ಲ" ಅಂದೆ. ಅವನು ಮೊದಲ ಸಲ ನನ್ನ ಮುಖ ನೋಡಿದ. "ಅಂಗಿದ್ರೂ ಮೈಕ್ ಮುಂದೆ ಅಷ್ಟ್ ಕೂಗಾಡ್ತೀಯಲ್ಲೋ!" ಎಂದು ನಕ್ಕ.

ಅಲ್ಲೇ ಮಣ್ಣು ಸಮ ಮಾಡಿ ಕಡ್ಡಿಯಲ್ಲಿ ಅವನ ಹೆಸರು ಬರೆದೆ. ಮೂರೇ ಅಕ್ಷರ. ಹೊಲದ ಗೆಡ್ಡೆಯೆಲ್ಲ ಕಿತ್ತು ಮುಗಿಯುವುದರೊಳಗೆ ಅವನ ಕೈಗೆ ಅದು ಕೂತಿತು. ಮಗಳನ್ನು ಮತ್ತೆ ಸೇರಿಸುವ ಅರ್ಜಿಗೆ ಅವನೇ ಸೈನು ಹಾಕಿದ. ಹುಡುಗಿ ಪರೀಕ್ಷೆಗೆ ಕೂತಳು. ಈಗ ಅರಕಲಗೂಡಿನಲ್ಲಿ ನರ್ಸ್ ಆಗಿದ್ದಾಳೆ.

ಹೋದ ವರ್ಷ ಮೇಡಂಗೆ ಕಾಯಿಲೆ ಮರುಕಳಿಸಿ ಇದ್ದ ದನಿಯೂ ಹೋಯಿತು. ಚನ್ನರಾಯಪಟ್ಟಣದ ಅವರ ಮನೆಗೆ ಹೋದೆ. ಮಡಿಲಲ್ಲಿ ಒಂದು ನೋಟ್ ಪುಸ್ತಕ. ನರ್ಸ್ ಹುಡುಗಿಯ ಸುದ್ದಿ ಹೇಳಿದೆ, ನಾನೂ ಈಗ ಹೊಸಬರಿಗೆ ತರಬೇತಿ ಕೊಡುತ್ತಿರುವುದನ್ನು ಹೇಳಿದೆ. ಹೊರಡಲು ಎದ್ದಾಗ ತಡೆದು ಪುಸ್ತಕದಲ್ಲಿ ಬರೆದು ತೋರಿಸಿದರು: "ಅಷ್ಟೇನಾ, ಇನ್ನೂ ಐತಾ?"

ಮತ್ತೆ ಕೂತೆ.

"ಮೊದ್ಲ ದಿನ ನಿಮ್ಮ ದನಿ ಬಗ್ಗೆ ಅಂಗೆ ಅಂದ್ಬುಟ್ಟಿದ್ದೆ ಮೇಡಂ. ತಪ್ಪಾಯ್ತು."

ಪೆನ್ನಿನ ಮುಚ್ಚಳ ಹಾಕಿ ಕೆಳಗಿಟ್ಟರು. ಎರಡು ಬೆರಳು ಗಂಟಲಿನ ಗೆರೆಯ ಮೇಲೆ ಹೋದವು. ದನಿ ಹೊರಡಲಿಲ್ಲ. ತುಟಿ ಮಾತ್ರ ಆಡಿತು: ಊಂ, ಅದೇಯ.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ನಾಳೆ ಹೊಳೆನರಸೀಪುರದಲ್ಲಿ ಹೊಸ ಬ್ಯಾಚು ಶುರು. ಮೈಕು ಬೇಡ, ಜಮಖಾನೆ ಸಾಕು ಎಂದು ಹೇಳಿ ಕಳಿಸಿದ್ದೇನೆ.