ವಿಭೂತಿ ಹಚ್ಚಿದ ಫ್ಲಾಪಿ

ಮನೆಯ ಮುಂದೆ ಜೀಪು ನಿಂತ ಸದ್ದಾದರೆ ನನ್ನ ಕೈ ಈಗಲೂ ಕೀಲಿಮಣೆಯಿಂದ ತಾನಾಗಿ ಹಿಂದೆ ಸರಿಯುತ್ತದೆ. ಅದು ಒಂದು ಆಟದಿಂದ ಅಂಟಿಕೊಂಡ ಅಭ್ಯಾಸ. ಆ ಆಟವನ್ನು ನಾನು ಕದ್ದಿರಲಿಲ್ಲ, ಅಂಗಡಿಯಲ್ಲಿ ಕೊಂಡಿದ್ದೆ. ಭಯಕ್ಕೆ ಆ ವ್ಯತ್ಯಾಸ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ನಡುವಿನ ವರ್ಷಗಳು. ನಾನು ಕಲಬುರಗಿಯಲ್ಲಿ ಎಂ.ಎಸ್ಸಿ. ಮುಗಿಸಿ ಮಸ್ಕಿಯ ಮನೆಗೆ ಮರಳಿದ್ದೆ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿಯ ಮಹಡಿಯ ಮೇಲೆ ಹೊಸದಾಗಿ ತೆರೆದ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುವ ಕೆಲಸ ಸಿಕ್ಕಿತು. ಅಪ್ಪ ಹತ್ತಿ ಅಂಗಡಿಯೊಂದರಲ್ಲಿ ತೂಕ ನೋಡುತ್ತಿದ್ದರು, ಮಾತು ಕಡಿಮೆ. ಕೆಲಸಕ್ಕೆ ಒಪ್ಪಿಗೆ ಕೊಟ್ಟಾಗಲೂ ಹೇಳಿದ್ದು ಇಷ್ಟೇ: "ಹೋಗು. ಆದ್ರ ಮಂದಿ ಬಾಯಾಗ ನಿನ್ನ ಸುದ್ದಿ ಬಂದ ದಿನ ಬಸ್ಸು ಬಂದ್." ನಾನು ತಲೆಯಾಡಿಸಿದೆ. ನಮ್ಮ ಓಣಿಯಲ್ಲಿ ದಿನವೂ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಹುಡುಗಿ ನಾನೊಬ್ಬಳೇ ಆಗಿದ್ದೆ. ಆ ಬಸ್ಸು ನಿಂತರೆ ನನಗೆ ಉಳಿಯುವುದೇನು ಎಂಬುದು ಓಣಿಯ ಉಳಿದ ಮನೆಗಳ ಬಾಗಿಲುಗಳಲ್ಲಿ ನಿಂತಿರುತ್ತಿದ್ದ ಹುಡುಗಿಯರಲ್ಲಿ ಕಾಣುತ್ತಿತ್ತು.

ಆಟವನ್ನು ಓದುವ ಕಾಲದಲ್ಲಿ ಹೈದರಾಬಾದಿಗೆ ಹೋದಾಗ ಕೊಂಡಿದ್ದೆ. ಪರದೆಯ ಮೇಲಿನಿಂದ ಅಕ್ಷರಗಳು ಬೀಳುತ್ತವೆ, ನೆಲ ಮುಟ್ಟುವುದರೊಳಗೆ ಆ ಅಕ್ಷರದ ಕೀಲಿ ಒತ್ತಬೇಕು. ಟೈಪಿಂಗ್ ಕಲಿಯಲು ಬಂದ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಪಾಠ ಇರಲಿಲ್ಲ. ಫ್ಲಾಪಿ ಹಳೆಯ ಬಗೆಯದು. ಅಂಗೈಗಿಂತ ದೊಡ್ಡದಾದ ತೆಳು ಕಪ್ಪು ಚೌಕ, ನಡುವೆ ಉದ್ದನೆಯ ಕಿಂಡಿ, ಕಿಂಡಿಯಲ್ಲಿ ಕಂದು ಬಣ್ಣದ ತಟ್ಟೆ ಬರಿದಾಗಿ ಕಾಣುತ್ತದೆ. ಆ ತಟ್ಟೆಯನ್ನು ಬೆರಳಿನಿಂದ ಮುಟ್ಟಬಾರದು ಎಂಬುದು ನಾನು ಎಲ್ಲರಿಗೂ ಹೇಳುತ್ತಿದ್ದ ಮೊದಲ ಪಾಠ.

ಕಂಪನಿಯವರು ಆ ತಟ್ಟೆಯ ಒಂದು ಚಿಕ್ಕ ಜಾಗವನ್ನು ಬೇಕೆಂದೇ ಹಾಳು ಮಾಡಿರುತ್ತಿದ್ದರು. ನಕಲು ಮಾಡಿದರೆ ಬೇರೆಲ್ಲ ಬರುತ್ತದೆ, ಆ ಹಾಳು ಮಾತ್ರ ಬರುವುದಿಲ್ಲ. ಆಟ ಶುರುವಾಗುವ ಮೊದಲು ಆ ಹಾಳಾದ ಜಾಗವನ್ನು ಹುಡುಕುತ್ತದೆ, ಸಿಗದಿದ್ದರೆ ಮೂಲ ಫ್ಲಾಪಿ ಹಾಕಿ ಎಂದು ನಿಂತುಬಿಡುತ್ತದೆ. ಅದೇ ಅದಕ್ಕೆ ಹಾಕಿದ ಬೀಗ, ನಮ್ಮ ಕಡೆಯ ಮಾತಿನಲ್ಲಿ ಕೀಲಿ. ಭದ್ರತೆಗೆಂದು ನಾನೊಂದು ನಕಲು ಮಾಡಿಟ್ಟಿದ್ದೆ. ಅದನ್ನು ಓಡಿಸಬೇಕಾದರೂ ಮೂಲವೇ ಬೇಕಾಗಿತ್ತು.

ಮಹಾನವಮಿಯ ಆಯುಧಪೂಜೆಯ ದಿನ ಸೆಂಟರಿನ ಮಾಲೀಕರ ತಾಯಿ ಮಹಡಿ ಹತ್ತಿ ಬಂದರು. ನಾವೆಲ್ಲ ಅವರನ್ನು ಅಜ್ಜಿ ಎನ್ನುತ್ತಿದ್ದೆವು. ಎರಡೂ ಕಂಪ್ಯೂಟರುಗಳಿಗೆ ಚೆಂಡುಹೂವಿನ ಹಾರ ಬಿತ್ತು. "ನಿನ್ನ ಆಯುಧ ಎಲ್ಲೈತಿ ಟೀಚರಮ್ಮ? ತಂದಿಡು," ಎಂದರು. ನಾನು ಆಟದ ಫ್ಲಾಪಿಯನ್ನು ಅದರ ಕಾಗದದ ಚೀಲದೊಂದಿಗೆ ಪೂಜೆಯ ಮಣೆಯ ಮೇಲಿಟ್ಟು ನೀರು ತರಲು ಕೆಳಗಿಳಿದೆ.

ತಿರುಗಿ ಬಂದಾಗ ಚೀಲ ಪಕ್ಕದಲ್ಲಿ ಬಿದ್ದಿತ್ತು. ಫ್ಲಾಪಿಯ ಕಿಂಡಿಯ ಮೇಲೆ, ಕಂದು ತಟ್ಟೆಗೇ ಅಂಟಿದಂತೆ, ಹಸಿ ವಿಭೂತಿಯ ಮೂರು ಬೆರಳಿನ ಗೆರೆಗಳು.

"ಅಜ್ಜಿ, ಚೀಲ ಯಾಕ ತಗದ್ರಿ?"

"ಪೂಜಿಗೆ ಕುಂದರಸೂದನ್ನ ಮುಸುಕು ಹಾಕಿ ಕುಂದರಸ್ತಾರೇನವಾ? ಹಣಿ ಕಾಣಬೇಕು. ಈಬತ್ತಿ ಹಚ್ಚಾಕ ಅಂತನ ಜಾಗಾ ಬಿಟ್ಟಾರ ನೋಡು, ಎಷ್ಟ್ ಚಂದ!"

ಅವರ ಕಣ್ಣಿನಿಂದ ನೋಡಿದರೆ ಅದು ನಿಜವಾಗಿಯೂ ಹಣೆಯಂತೆಯೇ ಇತ್ತು.  ಸಂಜೆ ಮೆತ್ತನೆಯ ಬಟ್ಟೆಯಿಂದ ಒರೆಸಿ ಹಾಕಿ ನೋಡಿದೆ. ಯಂತ್ರ ಕೆರೆಯುವ ಸದ್ದು ಮಾಡಿ ಸುಮ್ಮನಾಯಿತು. ಫ್ಲಾಪಿ ಸತ್ತಿತ್ತು.

ಮುಂದಿನ ಕೆಲವು ಮಧ್ಯಾಹ್ನಗಳು ನಾನು ನಕಲಿನ ಫ್ಲಾಪಿಯನ್ನು ತೆರೆದು ಅದರ ಒಳಗಿನ ಆಜ್ಞೆಗಳನ್ನು ಒಂದೊಂದಾಗಿ ಓದುತ್ತ ಕುಳಿತೆ. ಹಾಳು ಸಿಕ್ಕದಿದ್ದರೆ ನಿಲ್ಲು ಎಂಬ ಒಂದು ಆಜ್ಞೆ ಎಲ್ಲೋ ಇರಲೇಬೇಕಿತ್ತು. ಸಿಕ್ಕಿತು. ಅದನ್ನು ಅಳಿಸಿ ಆ ಜಾಗದಲ್ಲಿ ಏನೂ ಮಾಡಬೇಡ ಎಂಬ ಆಜ್ಞೆ ಇಟ್ಟೆ. ಅಕ್ಷರಗಳು ಬೀಳತೊಡಗಿದವು. ನನಗೆ ಬಹಳ ಸಂತೋಷವಾಯಿತು, ಅದನ್ನೂ ಹೇಳಬೇಕು. ಮಾಲೀಕರು, "ಹಂಗಾರ ಇನ್ನೊಂದು ನಾಕು ಕಾಪಿ ತಗದು ಹುಡುಗ್ಯಾರಿಗೆ ಕೊಡ್ರಿ, ಅಡ್ಮಿಷನ್ ಹೆಚ್ಚಾಗ್ತಾವು," ಎಂದರು. ಆಗುವುದಿಲ್ಲ ಎಂದೆ. ಕೊಂಡದ್ದು ಒಂದು, ಇರಬೇಕಾದದ್ದೂ ಒಂದೇ.

ಭಯ ಶುರುವಾದದ್ದು ಮಸ್ಕಿಯ ಬಸ್ಸಿನಲ್ಲಿ. ನನ್ನ ಹಿಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ಲಿಂಗಸೂಗೂರಾಗ ವಿಡಿಯೋ ಅಂಗಡಿಗೆ ಪೊಲೀಸ್ರು ಬಂದಿದ್ರಂತ ಬೇ. ಕಳ್ಳ ಕ್ಯಾಸೆಟ್ ಅದಾವು ಅಂತ ಟೀವಿ ಸೈತ ಜೀಪಿನ್ಯಾಗ ಹಾಕ್ಕೊಂಡು ಹೋದ್ರಂತ."

"ಹೋಗ್ಲಿ ಬಿಡು. ಅಂಗಡ್ಯಾಗ ಕುಂದರ್ತಿದ್ದ ಹುಡುಗಿನೂ ಠಾಣೇಕ ಕರಕೊಂಡು ಹೋಗ್ಯಾರ. ಹೊತ್ತು ಮುಳುಗೂ ತನಕ ಕುಂದರಿಸಿದ್ರಂತ."

"ಯವ್ವಾ! ಮುಗೀತಲ್ಲ ಆಕಿ ಕತಿ. ಇನ್ನ್ಯಾರ್ ಮಾಡ್ಕೊಂತಾರ?"

ಆ ಹುಡುಗಿ ಏನು ಮಾಡಿದ್ದಳು ಎಂದು ಇಬ್ಬರೂ ಕೇಳಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಮಹಡಿಯ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೈ ಕೀಲಿಮಣೆಯಿಂದ ಹಿಂದೆ ಸರಿಯುತ್ತಿತ್ತು. ಬಂದವರು ಕೆಳಗಿನ ಗೊಬ್ಬರದಂಗಡಿಯ ಲೆಕ್ಕಿಗರು ಎಂದು ತಿಳಿದ ಮೇಲೂ ಬೇಗ ಮರಳುತ್ತಿರಲಿಲ್ಲ.

ಲಿಂಗಸೂಗೂರಿನ ಕೋರ್ಟಿನಲ್ಲಿ ಅಪ್ಪನ ದೂರದ ತಮ್ಮ ಒಬ್ಬರು ವಕೀಲರಾಗಿದ್ದರು. ಒಂದು ಭಾನುವಾರ ಅವರ ಹೆಂಡತಿ, ನಮ್ಮ ಕಾಕಿಯನ್ನು ನೋಡುವ ನೆಪ ಹೇಳಿ ಅಲ್ಲಿಗೆ ಹೋದೆ. ಕಾಕಾ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ಗೆಳತಿಯೊಬ್ಬಳ ಸಂಗತಿ ಎಂದು ಎಲ್ಲವನ್ನೂ ಹೇಳಿದೆ.

"ಗೆಳತಿ ಭಾಳ ಶಾಣ್ಯಾಕಿ ಅದಾಳ," ಎಂದು ನನ್ನ ಮುಖ ನೋಡಿ, ಒಂದು ಕಾಳು ಬಾಯಿಗೆ ಹಾಕಿಕೊಂಡರು. "ಈಗ ಕಾಯ್ದೆ ತಿದ್ದ್ಯಾರ. ಕೊಂಡಾಂವ ಹಾಳಾದೀತು ಅಂತ ಒಂದು ಕಾಪಿ ಮಾಡಿ ಇಟ್ಕೋಬಹುದು. ಅದಕ್ಕ ತಕರಾರಿಲ್ಲ."

"ಕೀಲಿ ಮುರದದ್ದು, ಕಾಕಾ?"

"ಅದರ ಬಗ್ಗೆ ನಮ್ಮ ಕಾಯ್ದೆದಾಗ ಒಂದು ಅಕ್ಷರ ಇಲ್ಲ. ಮುರೀಬಾರ್ದು ಅಂತನೂ ಇಲ್ಲ, ಮುರೀಬಹುದು ಅಂತನೂ ಇಲ್ಲ. ಪೆಟ್ಟಿಗಿ ನಿಂದವಾ, ಕೀಲಿ ಮಾತ್ರ ಕಂಪನಿದು. ಅದ ತೊಡಕು. ಜಡ್ಜ್ ಮುಂದ ಹೋದ್ರ ನಾ ಗೆಲ್ತೀನಿ ಅಂತ ಅನಸ್ತೈತಿ."

ನಾನೂ ಒಂದು ಹಿಡಿ ಶೇಂಗಾ ತೆಗೆದುಕೊಂಡು ಸುಲಿಯತೊಡಗಿದೆ. ಅವರು ಮುಂದುವರಿಸಿದರು: "ಆದ್ರ ಜಡ್ಜ್ ಕಡೀಕ ಬರ್ತಾನ. ಮೊದಲ ಬರಾಂವ ಸಬ್ ಇನ್‌ಸ್ಪೆಕ್ಟರ್. ಆಂವಗ ಮಾಲು ಜಪ್ತಿ ಮಾಡಾಕ ವಾರಂಟ್ ಸೈತ ಬೇಕಾಗಿಲ್ಲ. ನಿನ್ನ ಗೆಳತಿಗೆ ಹೇಳು, ಒರಿಜಿನಲ್ ಹಾಳಾಗಿದ್ರೂ ಅದನ್ನ ಜ್ವಾಕಿ ಇಟ್ಕೊ ಅಂತ. ಕೊಂಡಿದ್ದು ಅನ್ನೂದಕ್ಕ ಅದ ಸಾಕ್ಷಿ. ಅದಿಲ್ಲಂದ್ರ ಕೈಯಾಗಿರೂ ಕಾಪಿ ಕಳ್ಳ ಮಾಲ."

ಮರುದಿನ ಸೆಂಟರಿಗೆ ಹೋದವಳೇ ಮೂಲ ಫ್ಲಾಪಿಗಾಗಿ ಕಪಾಟು ತೆರೆದೆ. ಆಟದ ಡಬ್ಬಿ ಇತ್ತು, ಒಳಗೆ ಪುಸ್ತಿಕೆ ಇತ್ತು, ಫ್ಲಾಪಿ ಇರಲಿಲ್ಲ. ಕೆಳಗಿಳಿದು ಅಜ್ಜಿಯನ್ನು ಕೇಳಿದೆ.

"ಕಾಲುವಿಗೆ ಬಿಟ್ಟು ಬಂದೀನವಾ. ಪೂಜಿ ದಿನಾನ ಮುಕ್ಕಾತು ಅಂತ ಮಗ ಹೇಳಿದ. ಪೂಜಿ ಆದದ್ದು ಮುಕ್ಕಾದ್ರ ಮನ್ಯಾಗ ಇಟ್ಕೋಬಾರ್ದು. ಅರಿಷಿಣ ಕುಂಕುಮ ಹಚ್ಚೀನಿ, ಕಾಯಿ ಒಡದೀನಿ, ಹರಿಯೋ ನೀರಾಗ ಬಿಟ್ಟೀನಿ. ನೀ ಏನೂ ಚಿಂತಿ ಮಾಡಬ್ಯಾಡ."

ಸಿಂಧನೂರಿನ ಕಾಲುವೆ ಆ ದಿನಗಳಲ್ಲಿ ತುಂಬಿ ಹರಿಯುತ್ತಿತ್ತು. ಫ್ಲಾಪಿ ಯಾವುದೋ ಭತ್ತದ ಗದ್ದೆಯ ತೂಬಿನಲ್ಲಿ ಸಿಕ್ಕಿಕೊಂಡಿರಬಹುದು.

ನಕಲನ್ನು ಅಳಿಸಿಬಿಡಬಹುದಿತ್ತು. ಕಪಾಟಿನ ಮುಂದೆ ಎಷ್ಟೋ ಸಲ ಹೋಗಿ ನಿಂತಿದ್ದೆ. ಅಳಿಸಿದರೆ ನಾನು ಕಳ್ಳಿ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತದೆ ಅನಿಸಿ ಹಿಂದೆ ಬರುತ್ತಿದ್ದೆ. ಅದು ಧೈರ್ಯವಲ್ಲ. ಎರಡು ಭಯಗಳ ನಡುವೆ ಕೈ ಏಳುತ್ತಿರಲಿಲ್ಲ.

ಪೊಲೀಸರ ಜೀಪು ಕೆಳಗೆ ಬಂದು ನಿಂತದ್ದು ಒಂದು ಮಧ್ಯಾಹ್ನ, ಪಾಠ ನಡೆಯುತ್ತಿದ್ದಾಗ. ಸಬ್ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಪೇದೆ. ಹುಡುಗಿಯರೆಲ್ಲ ಎದ್ದು ಗೋಡೆಗೆ ಆತುಕೊಂಡರು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ನೆಲಕ್ಕೆ ಬಿದ್ದು ಒಡೆಯುತ್ತಿದ್ದವು. ಯಾರೂ ಕೀಲಿ ಒತ್ತುತ್ತಿರಲಿಲ್ಲ.

"ಇಲ್ಲಿ ಆಟದ ಕಾಪಿ ತಗದು ಮಾರ್ತೀರಂತ," ಎಂದರು ಸಬ್ ಇನ್‌ಸ್ಪೆಕ್ಟರ್. ಮಾಲೀಕರು ನನ್ನ ಕಡೆ ನೋಡಿದರು.

"ಮಾರಿಲ್ರೀ. ನಂದು. ಕೊಂಡಿದ್ದು," ಎಂದು ಡಬ್ಬಿಯನ್ನು ಮುಂದಿಟ್ಟೆ.

ಅವರು ಡಬ್ಬಿಯನ್ನು ಬೋರಲು ಹಾಕಿ ಅಲ್ಲಾಡಿಸಿದರು. "ಇದರಾಗಿನ ಮಾಲು ಎಲ್ಲಿ?"

ಅಷ್ಟರಲ್ಲಿ ಏದುಸಿರು ಬಿಡುತ್ತ ಅಜ್ಜಿ ಮೆಟ್ಟಿಲು ಹತ್ತಿ ಬಂದಿದ್ದರು. "ಕಾಲುವಿಗೆ ಬಿಟ್ಟೀನ್ರೀ ಸಾಹೇಬ್ರ, ನಾನ."

"ಕಾಲುವಿಗೆ? ಪೊಲೀಸ್ರು ಬರ್ತಾರ ಅಂತ ಗೊತ್ತಾತೇನು, ಅಜ್ಜಿ?"

"ಥೂ, ಬಿಡ್ತು ಅನ್ನಪಾ! ದೇವ್ರಂಗ ಪೂಜಿ ಮಾಡಿದ್ದು, ಮುಕ್ಕಾತು. ಮುಕ್ಕಾದ ದೇವ್ರನ್ನ ನಿಮ್ಮನಿ ದೇವ್ರ ಜಗಲಿ ಮ್ಯಾಲ ಇಟ್ಕೊಂತೀಯೇನು ನೀನು?"

ಪೇದೆ ಫಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡ. ಸಬ್ ಇನ್‌ಸ್ಪೆಕ್ಟರ್ ನಗಲಿಲ್ಲ. ಯಂತ್ರದಿಂದ ನಕಲಿನ ಫ್ಲಾಪಿ ತೆಗೆಸಿ ಪೇದೆಯ ಕೈಗೆ ಕೊಟ್ಟು, "ನಾಳೆ ಠಾಣೇಕ ಬಂದು ಹೇಳಿಕಿ ಕೊಡ್ರಿ, ಟೀಚರಮ್ಮ," ಎಂದು ಇಳಿದು ಹೋದರು. ಮಾಲೀಕರು ಬೆವರು ಒರೆಸಿಕೊಂಡು ಕೇಳಿದರು: "ಬೇಕಂದ್ರ ನಾನ ಹೋಗಿ ಬರ್ಲೇನ್ರಿ? ನಿಮ್ಮ ಮನ್ಯಾಗ ಗೊತ್ತಾಗೂದು ಬ್ಯಾಡ."

ನಾಳೆ ಯಾರೇ ಹೋದರೂ ಈ ಸುದ್ದಿ ಸಂಜೆಯ ಬಸ್ಸಿನಲ್ಲಿ ನನಗಿಂತ ಮೊದಲೇ ಮಸ್ಕಿ ಸೇರುತ್ತದೆ ಎಂದು ನನಗೆ ಗೊತ್ತಿತ್ತು.

ಅಪ್ಪ ಊಟಕ್ಕೆ ಕುಳಿತಿದ್ದಾಗ ಹೇಳಿದೆ. ವಿಭೂತಿ, ಕೀಲಿ, ಕಾಲುವೆ, ಠಾಣೆ, ಒಂದನ್ನೂ ಬಿಡಲಿಲ್ಲ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅಪ್ಪ ತಟ್ಟೆ ನೋಡುತ್ತಲೇ ಕೇಳಿದರು: "ಕೊಂಡಿದ್ದು ಹೌದಲ್ಲ?"

"ಹೌದಪಾ."

"ಬ್ಯಾರೇದವ್ರಿಗೆ ಕೊಟ್ಟಿಲ್ಲ?"

"ಇಲ್ಲ."

ಅಷ್ಟೇ. ಕೈತೊಳೆದು ಹೊರಗೆ ಹೋದರು. ಬಸ್ಸು ಬಂದ್ ಆಯಿತು ಎಂದು ನಾನು ತಿಳಿದುಕೊಂಡೆ.

ಬೆಳಿಗ್ಗೆ ನಾನು ಹೊರಡುವಾಗ ಅವರು ತೊಳೆದ ಧೋತರ ಉಟ್ಟು, ರುಮಾಲು ಸುತ್ತಿ ಬಾಗಿಲಲ್ಲಿ ನಿಂತಿದ್ದರು. ಠಾಣೆಯ ಬೆಂಚಿನ ಮೇಲೆ ಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕುಳಿತೆ. ಸಬ್ ಇನ್‌ಸ್ಪೆಕ್ಟರ್ ಇಬ್ಬರನ್ನೂ ಒಳಗೆ ಕರೆದರು. ಮೇಜಿನ ಮೇಲೆ ಕಡತವೊಂದಿತ್ತು. ಅದರಲ್ಲಿ ಉಳಿದ ಕಾಗದಗಳ ಜೊತೆಗೆ ನನ್ನ ಫ್ಲಾಪಿಗೂ ತೂತು ಹೊಡೆದು, ದಾರ ಪೋಣಿಸಿ ಕಟ್ಟಿದ್ದರು. ದಾರ ನೇರವಾಗಿ ತಟ್ಟೆಯನ್ನೇ ದಾಟಿ ಹೋಗಿತ್ತು. ಇನ್ನು ಅದನ್ನು ಯಾವ ಯಂತ್ರವೂ ಓದಲಾರದು.

"ಏನ್ರೀ ಯಜಮಾನ್ರ, ನಿಮ್ಮ ಮಗಳು ಏನ್ ಮಾಡ್ಯಾಳ ಗೊತ್ತೈತೇನು?"

"ನನಗ ಅದರಾಗಿಂದು ತಿಳಿಯಂಗಿಲ್ರಿ," ಎಂದರು ಅಪ್ಪ. "ಆಕಿಗೆ ತಿಳೀತೈತಿ. ಆಕಿನ್ನ ಕೇಳ್ರಿ."

ನಾನು ಹೇಳಿದೆ. ಕೊಂಡವರು ಒಂದು ಪ್ರತಿ ಇಟ್ಟುಕೊಳ್ಳಬಹುದು ಎಂಬ ಕಾಯ್ದೆಯ ಮಾತು, ಬೇಕೆಂದೇ ಮಾಡಿದ ಹಾಳು, ನಾನು ಬದಲಿಸಿದ ಒಂದು ಆಜ್ಞೆ. ಕೀಲಿಯ ಬಗ್ಗೆ ಕಾಯ್ದೆ ಏನೂ ಹೇಳಿಲ್ಲ ಎಂಬುದನ್ನೂ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ಸ್ವಲ್ಪ ಹೊತ್ತು ಕೇಳಿದರು, ಆಮೇಲೆ ಬಾಗಿಲ ಕಡೆ ನೋಡಿದರು. ನಿರಾಶ್ರಿತರ ಊರಾದ ಆರ್.ಎಚ್. ಕ್ಯಾಂಪಿನಿಂದ ಯಾವುದೋ ನೀರಿನ ಜಗಳ ಹೊತ್ತು ನಾಲ್ಕಾರು ಜನ ಬಂದು ನಿಂತಿದ್ದರು.

"ಆತು ಹೋಗ್ರಿ. ಬೇಕಾದ್ರ ಕರೀತೀವಿ, ಬರಬೇಕು."

ಇನ್ನು ಬರಬೇಕಿಲ್ಲ ಎಂದು ಅವರು ಹೇಳಲಿಲ್ಲ. ಮುಂದೆ ಎಂದೂ ಕರೆಯಲೂ ಇಲ್ಲ. ಹೊರದೇಶದಲ್ಲಿ ಇಂಥ ಕೀಲಿ ಮುರಿಯುವುದನ್ನೇ ಅಪರಾಧವೆಂದು ಕಾಯ್ದೆ ಮಾಡಿದ್ದಾರೆಂದು ಕೆಲವು ವರ್ಷಗಳ ಮೇಲೆ ಪತ್ರಿಕೆಯಲ್ಲಿ ಓದಿದಾಗ ನನಗೆ ಮತ್ತೆ ಆ ಬೆಂಚು ನೆನಪಾಯಿತು.

ತಿರುಗಿ ಬರುವ ಬಸ್ಸಿನಲ್ಲಿ ನಮ್ಮ ಓಣಿಯ ಹಿರಿಯರೊಬ್ಬರು ಎದುರಿನ ಸೀಟಿನಲ್ಲಿದ್ದರು. ಸುದ್ದಿ ಅವರಿಗೆ ಮುಟ್ಟಿತ್ತು ಎಂದು ಅವರ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು.

"ಏನು, ಅಪ್ಪ ಮಗಳು ಕೂಡಿ ಎಲ್ಲಿಗೋ ಹೊಂಟಂಗಿತ್ತು ಮುಂಜಾನೆ?"

ಅಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಸಿಂಧನೂರು ಠಾಣೇಕ," ಎಂದರು, ಹಿಂದಿನ ಸೀಟಿನವರಿಗೂ ಕೇಳುವಷ್ಟು ಗಟ್ಟಿಯಾಗಿ. "ಕಂಪ್ಯೂಟರಿಂದು ಏನೋ ಸಾಹೇಬ್ರಿಗೆ ತಿಳಿದಿದ್ದಿಲ್ಲ. ನಮ್ಮ ಹುಡುಗಿ ಹೋಗಿ ತಿಳಿಸಿ ಬಂದ್ಳು."

ಹಿರಿಯರು "ಹೌದಾ?" ಎಂದು ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಮಸ್ಕಿಯಲ್ಲಿ ಇಳಿಯುವಾಗ ಅಪ್ಪ ಕಂಡಕ್ಟರನನ್ನು ಕೇಳಿದರು, ನಾಳೆ ಮುಂಜಾನೆಯ ಸಿಂಧನೂರಿನ ಗಾಡಿ ವೇಳೆಗೆ ಸರಿಯಾಗಿ ಬರುತ್ತದೆಯೇ ಎಂದು.