ಬೆಟ್ಟದ ಮಣ್ಣು ತಂದ ಮೇಷ್ಟ್ರು

ಮೊನ್ನೆ ಕೊಡಿಗೇಹಳ್ಳಿಯ ನಮ್ಮ ಮನೆಯ ಎದುರಿನ ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಆಳದಿಂದ ಕಪ್ಪು ಮಣ್ಣು ಮೇಲೆ ಬಂತು. ಕೊಳೆತ ಎಲೆಯ, ನಿಂತ ನೀರಿನ ವಾಸನೆ. ಬಾಗಿಲಲ್ಲಿ ನಿಂತಿದ್ದ ನನಗೆ ನಮ್ಮ ಮೇಷ್ಟ್ರ ತಗಡಿನ ಡಬ್ಬಗಳು ನೆನಪಾದವು…

ಅರವತ್ತರ ದಶಕದ ಮೊದಲ ವರ್ಷಗಳು. ಹೆಬ್ಬಾಳದ ಕಡೆಯ ಒಂದು ಕಾಲೇಜಿನಲ್ಲಿ ಅವರು ಸಸ್ಯಶಾಸ್ತ್ರ ಹೇಳುತ್ತಿದ್ದರು. ಬಿ.ಎಸ್ಸಿ. ಮುಗಿಸಿದ್ದ ನಾನು ಅವರ ಬಳಿ ತಾತ್ಕಾಲಿಕ ಸಹಾಯಕಿ. ಹೆಣ್ಣುಮಗಳು ಕೆಲಸಕ್ಕೆ ಹೋಗುವುದನ್ನು ನಮ್ಮಪ್ಪ ಒಪ್ಪಿದ್ದೇ ಮೇಷ್ಟ್ರು ಮನೆಗೆ ಬಂದು ಮಾತಾಡಿದ ಮೇಲೆ.

ಬೇಸಿಗೆ ರಜೆ ಬಂತೆಂದರೆ ಅವರು ನೀಲಗಿರಿಗೆ ಹೊರಡುತ್ತಿದ್ದರು. ಮೇಲಿನ ಜೌಗು ನೆಲದಲ್ಲಿ ಗುಂಡಿ ತೋಡಿಸಿ, ಆಳದ ಒಂದೊಂದು ಗೇಣಿಗೂ ಒಂದೊಂದು ಡಬ್ಬ ಮಣ್ಣು ತುಂಬಿ, ರೈಲಿನಲ್ಲಿ ಮಡಿಲಲ್ಲಿಟ್ಟುಕೊಂಡು ತರುತ್ತಿದ್ದರು. ಸಾವಿರಾರು ವರ್ಷ ಹಿಂದಿನ ಹೂಗಳ ಪರಾಗ ಆ ಮಣ್ಣಿನಲ್ಲಿ ಕೆಡದೆ ಉಳಿದಿರುತ್ತದೆ. ಮಣ್ಣನ್ನು ಆಮ್ಲದಲ್ಲಿ ತೊಳೆದು, ಉಳಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಮರದ್ದೆಷ್ಟು ಹುಲ್ಲಿನದೆಷ್ಟು ಎಂದು ಎಣಿಸುವುದು ನನ್ನ ಕೆಲಸ.

“ಅಲ್ಲಿನ ಹುಲ್ಲುಗಾವಲು ಮೊದಲಿಂದ್ಲೂ ಇತ್ತೋ, ಮನುಷ್ಯ ಕಾಡು ಸುಟ್ಟು ಮಾಡಿದ್ದೋ, ಯಾರಿಗೂ ಗೊತ್ತಿಲ್ಲಮ್ಮ,” ಎನ್ನುತ್ತಿದ್ದರು. “ನಮ್ಮ ಡಬ್ಬದಲ್ಲಿದೆ ಉತ್ತರ.”

ಒಂದು ಮಧ್ಯಾಹ್ನ ಅವರು ಪಾಠಕ್ಕೆ ಹೋಗಿದ್ದರು. ಆಮ್ಲದ ಘಾಟಿಗೆ ತಲೆ ಸುತ್ತಿ, ಹೊರಗಿನ ಪರಾಗ ಬರುತ್ತದೆ, ಎಂದೂ ತೆರೆಯಬೇಡ ಎಂದು ಅವರು ಹೇಳಿದ್ದ ಕಿಟಕಿಯನ್ನು ನಾನು ತೆರೆದೆ. ಹೊರಗೆ ಮುಸುಕಿನ ಜೋಳದ ಹೊಲ ಹೂಬಿಟ್ಟು ನಿಂತಿತ್ತು. ಸ್ವಲ್ಪ ಹೊತ್ತಿಗೆ ಮೇಜಿನ ಮೇಲೆ ಹಳದಿ ಧೂಳು ಕಂಡಿತು. ಅತ್ಯಂತ ಆಳದ ಮಣ್ಣಿನ ಕಣಗಳನ್ನು ಹಚ್ಚಿದ್ದ ಗಾಜಿನ ಪಟ್ಟಿಗಳು ಅಲ್ಲೇ ಒಣಗುತ್ತಿದ್ದವು. ಕಿಟಕಿ ಮುಚ್ಚಿದೆ, ಸೆರಗಿನಿಂದ ಮೇಜು ಒರೆಸಿದೆ, ಸುಮ್ಮನಾದೆ.

ಮಾರನೆಯ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. ಹುಲ್ಲಿನ ಜಾತಿಯ ದೊಡ್ಡ ದೊಡ್ಡ ಪರಾಗ ಕಣಗಳು. ಬೆಳೆಸಿದ ಧಾನ್ಯದ ಪರಾಗ ಮಾತ್ರ ಅಷ್ಟು ದೊಡ್ಡದಿರುತ್ತದೆ. “ಅಷ್ಟು ಹಿಂದೆಯೇ ಬೆಟ್ಟದಲ್ಲಿ ಬೇಸಾಯ ಇತ್ತು ಕಣಮ್ಮ!” ಆಗಲೇ ಹೇಳಬಹುದಿತ್ತು. ಕೆಲಸ ಹೋದರೆ ಅಪ್ಪ ಮತ್ತೆ ಹೊಸ್ತಿಲು ದಾಟಲು ಬಿಡುವುದಿಲ್ಲವೆಂಬ ಭಯ…

ಕೆಲವು ತಿಂಗಳಾದ ಮೇಲೆ ಪೇಟೆಯಲ್ಲಿ ನಡೆದ ವಿದ್ವಾಂಸರ ಸಭೆಯಲ್ಲಿ ಅದನ್ನು ತೋರಿಸಿದರು. ಹಿರಿಯರೊಬ್ಬರು ನೋಡಿ, “ಇದು ಮುಸುಕಿನ ಜೋಳದ್ದಲ್ವೇನ್ರೀ? ಮೊನ್ನೆಮೊನ್ನೆ ಹೊರದೇಶದಿಂದ ಹಡಗಿನಲ್ಲಿ ಬಂದ ಬೆಳೆ, ಆ ಕಾಲಕ್ಕೆ ಬೆಟ್ಟ ಹತ್ತಿತ್ತಾ?” ಎಂದರು. ಸಭೆ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ನಾನು ತಲೆ ಎತ್ತಲಿಲ್ಲ.

ಗುಂಡಿಗಳ ಗೋಡೆ ಕುಸಿದು ಮೇಲಿನ ಮಣ್ಣು ಕೆಳಗೆ ಸೇರಿರಬೇಕು, ಎಲ್ಲ ಡಬ್ಬವೂ ಕೆಟ್ಟಿವೆ ಎಂದುಕೊಂಡರು ಮೇಷ್ಟ್ರು. ಮುಂದಿನ ವಾರ ತಾವೇ ಒಂದೊಂದನ್ನೂ ಕಾಲೇಜಿನ ಗೊಬ್ಬರದ ಗುಂಡಿಗೆ ಸುರಿದರು. ಐದು ಬೇಸಿಗೆಯ ಮಣ್ಣು. ಖಾಲಿ ಡಬ್ಬಗಳನ್ನು ಅವರ ಕೈಯಿಂದ ಇಸಿದುಕೊಂಡು ಜೋಡಿಸಿಟ್ಟವಳು ನಾನು. ಆಗಲೂ ಬಾಯಿ ಬಿಡಲಿಲ್ಲ.

ಆಮೇಲೆ ಅವರು ಬೆಟ್ಟಕ್ಕೆ ಹೋಗಲಿಲ್ಲ. ನನಗೆ ಮದುವೆಯಾಯಿತು. ಅವರು ನಿವೃತ್ತರಾಗಿ ಯಲಹಂಕದಲ್ಲಿದ್ದಾಗ ಒಂದು ಬೆಳಿಗ್ಗೆ ಹೋಗಿ, ಕಿಟಕಿಯ ವಿಷಯ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ.

“ಹಾಗಾದ್ರೆ… ಮಿಕ್ಕ ಡಬ್ಬ ಎಲ್ಲಾ ಚೆನ್ನಾಗೇ ಇತ್ತು,” ಎಂದರು ಕೊನೆಗೆ.

“ತಪ್ಪಾಯ್ತು ಸಾರ್.”

“ಆವತ್ತೇ ಒಂದು ಮಾತು ಹೇಳಿದ್ದಿದ್ರೆ ಎಸೀತಿರ್ಲಿಲ್ಲ ಕಣಮ್ಮ.” ಅಷ್ಟೇ. ಒಳಗೆ ತಿರುಗಿ, ಹುಡುಗಿಗೆ ಕಾಫಿ ಕೊಡು ಎಂದು ಹೆಂಡತಿಗೆ ಹೇಳಿದರು. ಆ ಕಾಫಿ ಹೇಗೆ ಕುಡಿದೆನೋ ಗೊತ್ತಿಲ್ಲ.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಮಕ್ಕಳು ಊಟಿಗೆ ಕರೆದಾಗಲೆಲ್ಲ ಮಂಡಿನೋವು ಎನ್ನುತ್ತೇನೆ. ಮೆಟ್ಟಿಲು ಹತ್ತಿ ದಿನವೂ ತಾರಸಿಯಲ್ಲಿ ಬಟ್ಟೆ ಒಣಗಿಸುವವಳ ಮಂಡಿನೋವನ್ನು ಅವರು ನಂಬುವುದಿಲ್ಲ. ಆದರೆ ಯಾಕೆಂದು ಇದುವರೆಗೆ ಕೇಳಿಲ್ಲ.